ಒಳಗಿನ ಚಿಲಕ

ಸನ್ಮಾನ ಪತ್ರದಲ್ಲಿ ಅವರನ್ನು ‘ಸೌಮ್ಯ ಸ್ವಭಾವದವರು’ ಎಂದು ಬರೆದವಳು ನಾನೇ. ಕನ್ನಡ ಶಿಕ್ಷಕಿ ಎಂದ ಮೇಲೆ ಶಾಲೆಯಲ್ಲಿ ಯಾರು ನಿವೃತ್ತರಾದರೂ ಕಟ್ಟು ಹಾಕಿಸಿ ಕೊಡುವ ಆ ಸಾಲುಗಳನ್ನು ನನ್ನ ತಲೆಗೇ ಕಟ್ಟುತ್ತಾರೆ. ಸೌಮ್ಯ ಸ್ವಭಾವ ಎಂಬುದು ನಮ್ಮಲ್ಲಿ ನಿವೃತ್ತರಾಗುವವರಿಗೆ ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ತಾನಾಗಿಯೇ ಸಿಗುವ ಗುಣ. ಹುಡುಗರ ಕಿವಿ ಹಿಂಡಿ ಹಿಂಡಿ ಕೆಂಪು ಮಾಡುತ್ತಿದ್ದ ಗಣಿತದ ಮಾಸ್ತರರಿಗೂ ಅದನ್ನೇ ಬರೆದುಕೊಟ್ಟಿದ್ದೆ. ಆದರೆ ಈ ಸಲ ಬರೆಯುವಾಗ ನನಗೇ ನಗು ಬಂತು. ನಮ್ಮ ಆಟದ ಮೇಡಮ್ಮನಲ್ಲಿ ಮೆತ್ತಗಿದ್ದದ್ದು ಅಂದರೆ ಅವರ ಕ್ಯಾನ್ವಾಸ್ ಬೂಟಿನ ಹಿಮ್ಮಡಿ ಮಾತ್ರ, ಅದೂ ಸವೆದು ಸವೆದು.

ಒಂದೇ ಒಂದು ನಿಜವಾದ ಸಾಲನ್ನೂ ಸೇರಿಸಿದ್ದೆ: ‘ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಶಾಲೆ ತಪ್ಪಿಸದಂತೆ ನೋಡಿಕೊಂಡವರು.’ ಹೆಡ್‌ಮಾಸ್ತರರು ಕೆಂಪು ಪೆನ್ನಿನಿಂದ ಮೊದಲನೆಯ ಶಬ್ದಕ್ಕೆ ಸುತ್ತು ಹಾಕಿದರು.

“ಈ ಶಬ್ದ ಬ್ಯಾಡ್ರಿ. ಮನ್ಯಾಗ ಗ್ವಾಡಿಗಿ ಹಾಕೋದು ಅದ. ಬಂದವ್ರು ಹೋದವ್ರು ಓದ್ತಾರ.”

“ಮತ್ತ ಏನ್ ಬರೀಲಿ ಸರ್?”

“‘ಆ ವಿಷಯ’ ಅಂತ ಬರೀರಿ. ಎಲ್ಲರಿಗೂ ತಿಳೀತದ.”

ಹಗ್ಗಜಗ್ಗಾಟದ ಕೊನೆಗೆ ಅದು ‘ಹೆಣ್ಣುಮಕ್ಕಳ ಸರ್ವಾಂಗೀಣ ಸ್ವಚ್ಛತೆಗಾಗಿ ಶ್ರಮಿಸಿದವರು’ ಎಂದಾಯಿತು. ಓದಿದವರು, ಈಕೆ ನೌಕರಿ ಇರುವಷ್ಟು ದಿನವೂ ಹುಡುಗಿಯರಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಿದ್ದರೇನೋ ಅಂದುಕೊಳ್ಳಬೇಕು. ಆ ಕಟ್ಟಿನೊಳಗೆ ಹಿಡಿಸದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಸೌಮ್ಯವಾಗಿ ಬರೆಯಲು ನನ್ನಿಂದಾಗದು.

ನಾವಿಬ್ಬರೂ ಬೀದರಿನಿಂದ ಔರಾದ ತಾಲೂಕಿನ ಆ ಹೈಸ್ಕೂಲಿಗೆ ದಿನಾ ಒಂದೇ ಬಸ್ಸಿನಲ್ಲಿ ಹೋಗಿಬಂದವರು. ಕಿಟಕಿ ಪಕ್ಕದ ಸೀಟು ಅವರ ಪಿತ್ರಾರ್ಜಿತ ಆಸ್ತಿ. ನಾನು ಮೊದಲು ಹತ್ತಿ ಕೂತಿದ್ದರೂ “ಸರೀರಿ ಅತ್ತಾಗ” ಎಂದು ಸೊಂಟದಿಂದಲೇ ನನ್ನನ್ನು ದೂಡಿ ಕೂರುವರು. ಕೊರಳಲ್ಲಿ ಸೀಟಿ, ತೊಡೆಯ ಮೇಲೆ ಒಂದು ಖಾಕಿ ಚೀಲ. ಅದರಲ್ಲಿ ವಾಲಿಬಾಲ್‌ಗೆ ಗಾಳಿ ಹೊಡೆಯುವ ಸೂಜಿ, ಸ್ಕಿಪ್ಪಿಂಗ್ ಹಗ್ಗ, ನೆಟ್ಟಿನ ಕಂಬದ ಸ್ಕ್ರೂ ಬಿಗಿಯುವ ಸ್ಕ್ರೂಡ್ರೈವರ್, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಎಲ್ಲಕ್ಕಿಂತ ಮೇಲೆ, ಚೀಲ ತೆಗೆದರೆ ಮೊದಲು ಕಣ್ಣಿಗೆ ಬೀಳುವ ಹಾಗೆ, ಪ್ಯಾಡಿನ ಎರಡು ಪಾಕೀಟು. ಕಂಡಕ್ಟರ್ ಟಿಕೆಟ್ ಕೇಳಿದಾಗ ಚಿಲ್ಲರೆ ಹುಡುಕಲು ಆ ಪಾಕೀಟುಗಳನ್ನು ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ನಾನು ಸೆರಗಿನಲ್ಲಿ ಮುಚ್ಚಿಕೊಂಡರೆ, “ಯಾಕ, ಕಳುವಿನ ಮಾಲೇನು?” ಎಂದು ಹಿಂದಿನ ಸೀಟಿನವರೆಗೂ ಕೇಳುವಂತೆ ಕೇಳುವರು.

ಅವರು ಭಾಲ್ಕಿಯವರು. ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತಿದ್ದವು. ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ಮರಾಠಿ, ಸಿಟ್ಟು ನೆತ್ತಿಗೇರಿದರೆ ದಖನಿ ಉರ್ದು. ನನ್ನಿಂದ ಒಯ್ದ ಛತ್ರಿಯನ್ನು ಎಂದೂ ವಾಪಸು ತಂದವರಲ್ಲ. ಬೆಳಿಗ್ಗೆ ನಾನು ಹಾಲು ಕಾಯಿಸುವ ಮೊದಲೇ ಫೋನು ಮಾಡಿ, ಹಲೋ ಕೂಡ ಇಲ್ಲದೆ, “ಇವತ್ತ ಗಂಜಿಗಿ ಹೋಗೋದು ಅದ, ಖಾಲಿ ಚೀಲ ತರ್ರಿ” ಎಂದು ಇಟ್ಟುಬಿಡುವರು. ಬರುತ್ತೀರಾ ಎಂದು ಕೇಳುವ ಪದ್ಧತಿಯೇ ಅವರಲ್ಲಿರಲಿಲ್ಲ. ಎಷ್ಟೋ ಸಲ, ಇವರ ಪಕ್ಕ ಕೂರುವುದಕ್ಕಿಂತ ನಿಂತು ಹೋಗುವುದೇ ಲೇಸು ಅನ್ನಿಸಿದ್ದುಂಟು.

ಗಂಜಿಗೆ ಅಂದರೆ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿಗೆ. ಸರ್ಕಾರದಿಂದ ಶಾಲೆಗೆ ಪ್ಯಾಡು ಬರುತ್ತಿತ್ತು, ಬರುತ್ತಿರಲಿಲ್ಲ. ಬರದ ತಿಂಗಳುಗಳಿಗಾಗಿ ಮೇಡಮ್ಮ ಗಂಜಿನ ಹತ್ತಿರದ ಒಂದು ಹೋಲ್‌ಸೇಲ್ ಅಂಗಡಿಯನ್ನು ಹಿಡಿದಿದ್ದರು. ಅಂಗಡಿಯವರು ಒಳ್ಳೆಯ ಮನುಷ್ಯ, ನಾಚಿಕೆ ಮಾತ್ರ ಜಾಸ್ತಿ. ಅವರು ಡಬ್ಬಿಯನ್ನು ಮೊದಲು ಪೇಪರಿನಲ್ಲಿ ಸುತ್ತುವರು, ಆಮೇಲೆ ಕರಿ ಚೀಲಕ್ಕೆ ಹಾಕುವರು, ಆ ಚೀಲವನ್ನು ಇನ್ನೊಂದು ಕರಿ ಚೀಲಕ್ಕೆ. ಮೇಡಮ್ಮ ಅಲ್ಲೇ ಕೌಂಟರಿನ ಮೇಲೆ ಒಂದೊಂದೇ ಬಿಚ್ಚಿ, ಪೇಪರನ್ನು ನೀಟಾಗಿ ಮಡಚಿ ಅವರ ಮುಂದಿಟ್ಟು, “ಪೇಪರ್ ನೀವು ಓದ್ರಿ ಸೇಠ್‌ಜಿ” ಎನ್ನುವರು. ಪ್ರತಿ ಸಲ ಅವರು ಸುತ್ತುವುದು, ಪ್ರತಿ ಸಲ ಇವರು ಬಿಚ್ಚುವುದು. ಇಬ್ಬರಲ್ಲಿ ಒಬ್ಬರಾದರೂ ಬಿಟ್ಟುಕೊಡಬಾರದೇ ಎಂದು ನಾನು ಬಿಸಿಲಿನಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ.

ಒಮ್ಮೆ ತೊಗರಿ ಚೀಲಗಳ ನಡುವೆ ದಾರಿ ಮಾಡಿಕೊಂಡು ಡಬ್ಬಿ ಹೊತ್ತು ಬರುವಾಗ ಒಬ್ಬ ಹಮಾಲ ಕೈಗಾಡಿ ನಿಲ್ಲಿಸಿ, “ಏನ್ ಮಾಲ್ ಅದರಿ ಬಾಯಿ?” ಎಂದ. ಹೇಳಬೇಡಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಮೇಡಮ್ಮ ಹೇಳಿದರು, ಪೂರ್ತಿ ಹೇಳಿದರು, ಯಾಕೆ ಬೇಕು ಎಂಬುದನ್ನೂ ಸೇರಿಸಿ. ಆತ ಡಬ್ಬಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, “ಹಗೂರ ಅದರಿ” ಎಂದು ಗಾಡಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನವರೆಗೆ ತಂದುಕೊಟ್ಟ. ಅವನಿಗೆ ಭಾರದ್ದಷ್ಟೇ ಚಿಂತೆ.

ಶಾಲೆಯಲ್ಲಿ ಅವರ ರೀತಿ ಇನ್ನೂ ಕಷ್ಟದ್ದು. ಆಟದ ಪೀರಿಯಡ್ಡಿನಲ್ಲಿ ಯಾವ ಹುಡುಗಿಯಾದರೂ ಬೇವಿನ ಮರದ ಕೆಳಗೆ ಹೊಟ್ಟೆ ಹಿಡಿದು ಕೂತರೆ, ಮೈದಾನದ ಆ ತುದಿಯಿಂದಲೇ ಸೀಟಿ ಊದಿ, “ಹೊಟ್ಟಿ ನೋವೋ, ಮುಟ್ಟೋ?” ಎಂದು ಕೂಗುವರು. ಗಂಡುಹುಡುಗರು ಕಬಡ್ಡಿ ಬಿಟ್ಟು ತಿರುಗಿ ನೋಡುವರು. ಹುಡುಗಿ ಭೂಮಿ ಬಾಯಿ ಬಿಡಲಿ ಎಂದು ತಲೆ ತಗ್ಗಿಸುವಳು. ನಮ್ಮ ಕಡೆ ಹುಡುಗಿಯರು ಇದಕ್ಕೆ ‘ಕಾಗಿ ಮುಟ್ಯಾದ’ ಅನ್ನುತ್ತಾರೆ, ಮರಾಠಿ ಮನೆಗಳಿಂದ ಬಂದ ಮಾತು. ಹಾಗೆಂದವಳಿಗೆ ಮೇಡಮ್ಮ, “ಯಾವ ಕಾಗಿ? ತೋರ್ಸು ನನಗ. ಇಷ್ಟು ಕಾಗಿ ನಮ್ಮ ಸಾಲ್ಯಾಗ ಎಲ್ಲಿ ಅದಾವ?” ಎನ್ನುವರು.

ಒಂದು ದಿನ ತಡೆಯಲಾರದೆ ನಾನೇ ಅಂದೆ, “ಮೆಲ್ಲಗ ಕೇಳಬಾರದೇನ್ರಿ? ಪಾಪ, ಹುಡುಗ್ಯಾರಿಗೆ ಶರಮ್ ಆಗ್ತದ.”

“ಮೆಲ್ಲಗ ಕೇಳೋದು ಅವರು ಕಲೀಲಿ. ನಾ ಒದರಿ ಒದರಿ ಶರಮ್ ಸವಸ್ಲತ್ತೇನಿ.”

ಆ ದಿನ ಬಸ್ಸಿನಲ್ಲಿ ಮುಖ ತಿರುಗಿಸಿ ಕೂತಿದ್ದೆ. ಭಾಲ್ಕಿಯಲ್ಲಿ ತಾವು ಶಾಲೆ ಕಲಿಯುವಾಗಿನ ಮಾತು ಅವರು ತೆಗೆದದ್ದು ಆಗಲೇ. ಎಂಟನೆಯ ತರಗತಿ. ಲಂಗದ ಹಿಂದೆ ಕಲೆಯಾಗಿದೆ ಎಂದು ಗೊತ್ತಾದ ಮೇಲೆ ಬೆಂಚು ಬಿಟ್ಟು ಏಳಲಿಲ್ಲವಂತೆ. ಊಟಕ್ಕೂ ಏಳಲಿಲ್ಲ, ಸಂಜೆ ರಾಷ್ಟ್ರಗೀತೆಗೂ ಏಳಲಿಲ್ಲ. ಮಾಸ್ತರರು ದೇಶಕ್ಕೆ ಅವಮಾನ ಮಾಡಿದಳೆಂದು ಬೆತ್ತ ತಂದು, ಕೂತಲ್ಲೇ ಅಂಗೈಗೆ ಹೊಡೆದರು.

“ಹೊಡಸ್ಕೊಂಡೆ ಖರೇ, ಎದ್ದು ಮಾತ್ರ ನಿಂದ್ರಲಿಲ್ಲ ನೋಡ್ರಿ” ಎಂದು ಮೇಡಮ್ಮ ಬಸ್ಸು ಅದುರುವಂತೆ ನಕ್ಕರು. ನನಗೆ ನಗಲಾಗಲಿಲ್ಲ. ರೊಟ್ಟಿ ಬಿಚ್ಚಿ ಅರ್ಧ ನನಗೆ ಕೊಟ್ಟರು. ಅಲ್ಲಿಯವರೆಗೆ ನಾನು ಕೇಳದೆ ಅವರಾಗಿ ಕೊಟ್ಟದ್ದು ಅದೊಂದೇ.

ಇನ್ನು ಆ ಸಂಡಾಸದ ಕಥೆ.

ಎರಡು ವರ್ಷದ ಕೆಳಗೆ ನಮ್ಮ ಶಾಲೆಗೆ ಹೆಣ್ಣುಮಕ್ಕಳಿಗಾಗಿ ಹೊಸ ಶೌಚಾಲಯ ಕಟ್ಟಿದರು. ಬಿಳಿ ಟೈಲ್ಸು, ನಳ, ಮೂಲೆಯಲ್ಲಿ ಮುಚ್ಚಳದ ಬುಟ್ಟಿ. ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ಬಂತು. ಮರುದಿನವೇ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಹೆಡ್‌ಮಾಸ್ತರರ ಪ್ಯಾಂಟಿನ ಜೇಬಿಗೆ. “ಹುಡುಗ್ಯಾರು ಹೊಲಸು ಮಾಡ್ತಾರ. ಸಾಹೇಬ್ರು ಬಂದಾಗ ನೋಡ್ಲಾಕ ಚಂದ ಇರಬೇಕಲ್ಲ?” ಎಂಬುದು ಅವರ ವಾದ. ಸಂಡಾಸವನ್ನು ಬಳಸದೆ ಚಂದ ಇಟ್ಟುಕೊಳ್ಳುವ ವಿದ್ಯೆ ನಮ್ಮಲ್ಲೇ ಹುಟ್ಟಿದ್ದಿರಬೇಕು. ಇಂಥದೇ ಬೀಗಗಳನ್ನು ನಾನು ಬೇರೆ ಊರುಗಳಲ್ಲಿಯೂ ನೋಡಿದ್ದೇನೆ.

ಮೇಡಮ್ಮ ಸ್ಟಾಫ್ ರೂಮಿನಲ್ಲಿ ಕೂಗಾಡಿ ಹಗಲು ಹೊತ್ತು ಬೀಗ ತೆಗೆಸಿದರು. ತೆಗೆಸಿದ ಮೇಲೆ ಒಳಗೆ ಹೋಗಿ ನೋಡಿ, ಎರಡು ಪಟ್ಟು ಸಿಟ್ಟಿನಲ್ಲಿ ಹೊರಬಂದರು. ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ. ಇದ್ದದ್ದು ಹೊರಗೆ ಒಂದೇ. ಗುತ್ತೇದಾರನನ್ನು ಕರೆಸಿ ಕೇಳಿದರೆ, “ಎಸ್ಟಿಮೇಟ್ನ್ಯಾಗ ಒಂದೇ ಚಿಲಕ ಅದರಿ. ಒಳಗ ಹಾಕಿದ್ರ ಕೀಲಿ ಹ್ಯಾಂಗ ಹಾಕ್ತೀರಿ?” ಎಂದ. ಹೆಡ್‌ಮಾಸ್ತರರು ತಲೆಯಾಡಿಸಿದರು. ಹೊರಗಿನಿಂದ ಗಂಡಸರು ಬೀಗ ಹಾಕಬಹುದು, ಒಳಗಿನಿಂದ ಹುಡುಗಿ ಚಿಲಕ ಹಾಕುವಂತಿಲ್ಲ. ಆ ಬಾಗಿಲನ್ನು ಮಾಡಿದ್ದು ಹಾಗೆ. ಎಸ್ಟಿಮೇಟ್ ಬರೆದವನಿಂದ ಹಿಡಿದು ಸಹಿ ಹಾಕಿದವನವರೆಗೆ ಯಾರ ತಲೆಗೂ ಅದು ಹೊಳೆದಿರಲಿಲ್ಲ.

ಹುಡುಗಿಯರು ಇದಕ್ಕೆ ತಮ್ಮದೇ ವ್ಯವಸ್ಥೆ ಮಾಡಿಕೊಂಡರು. ಇಬ್ಬಿಬ್ಬರು ಜೋಡಿಯಾಗಿ ಹೋಗುವುದು, ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುವುದು. ನನ್ನ ಪಾಠದ ನಡುವೆ ಇಬ್ಬರು ಎದ್ದು ನಿಂತರೆ ನನಗೂ ರೇಗುತ್ತಿತ್ತು. ಆದರೆ ಜೊತೆಗಾತಿ ಶಾಲೆಗೆ ಬರದ ದಿನ ಏನು ಗತಿ? ಮುಟ್ಟಿನ ದಿನವಾಗಿದ್ದರೆ ಆ ಹುಡುಗಿಯೂ ಬರುತ್ತಿರಲಿಲ್ಲ.

ಎಕಂಬಾ ಕಡೆಯಿಂದ ಬರುತ್ತಿದ್ದ ಸುಜಾತಾ ಹೀಗೆಯೇ ತಪ್ಪಿಸತೊಡಗಿದ್ದಳು. ಆಟದಲ್ಲಿ ಈಕೆ ಪೂರ್ತಿ ಸೊನ್ನೆ. ಚೆಂಡು ಎಸೆದರೆ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುವ ಹುಡುಗಿ. ಆದರೂ ಮೇಡಮ್ಮನಿಗೆ ಅವಳ ಮೇಲೆ ಜೀವ, ಯಾಕೆಂದರೆ ಅವಳೊಬ್ಬಳೇ ಅವರಿಗೆ ಎದುರುತ್ತರ ಕೊಡುತ್ತಿದ್ದಳು, ಅದೂ ತಗ್ಗಿದ ದನಿಯಲ್ಲಿ, ಮುಖ ನೋಡಿಕೊಂಡು. ಅವಳ ಜೊತೆಗಾತಿಗೆ ಬೇಸಿಗೆಯಲ್ಲಿ ಮದುವೆಯಾಗಿ ಹೋಯಿತು. ಅಲ್ಲಿಂದ ಸುಜಾತಾ ತಿಂಗಳು ತಿಂಗಳು ನಾಲ್ಕೈದು ದಿನ ನಾಪತ್ತೆ. ಆಕೆ ಹತ್ತನೆಯ ತರಗತಿಗೆ ಬಂದಿದ್ದಳು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೆಡ್‌ಮಾಸ್ತರರು ಮನೆಗೆ ಹೇಳಿ ಕಳಿಸಿದರು. ಹಾಗಿದ್ದರೆ ಬಿಡಿಸಿಬಿಡುತ್ತೇನೆ ಎಂದು ಅವಳ ಅಪ್ಪ ತಿರುಗಿ ಹೇಳಿ ಕಳಿಸಿದ.

ಆ ಭಾನುವಾರ ನನ್ನ ಮನೆಗೆ ನೆಂಟರು ಬಂದಿದ್ದರು. “ಎಕಂಬಾಕ ಹೋಗ್ಲತ್ತೀವಿ” ಎಂದು ಫೋನು ಬಂತು. ನೆಂಟರನ್ನು ಬಿಟ್ಟು ಹೋದೆ. ಬೈದುಕೊಳ್ಳುತ್ತಲೇ ಹೋದೆ.

ಸುಜಾತಾಳ ಅಜ್ಜಿ ನಮಗೆ ಚಹಾ ಕೊಟ್ಟು ನೇರ ವಿಷಯಕ್ಕೆ ಬಂದರು. “ನಾವು ಹಳೀ ಬಟ್ಟಿ ಕಟ್ಕೊಂಡೇ ಹೊಲ ಮಾಡೇವಿ. ಈಗಿನವರಿಗೇ ಇದೆಲ್ಲ ಎಲ್ಲಿಂದ ಬಂತು?”

ಮೇಡಮ್ಮ ಹೊಸ್ತಿಲ ಮೇಲೇ ಕೂತಿದ್ದರು. “ಹೊಲದಾಗ ಜ್ವಾಳ ಆಳೆತ್ತರ ಇರ್ತಿತ್ತಲ್ಲ ಆಯಿ? ಮರಿ ಇತ್ತು ನಿಮಗ, ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಇಕಿಗಿ ಸಾಲ್ಯಾಗ ಎಲ್ಲಿ ಅದ ಮರಿ?”

ಅಜ್ಜಿ “ಅದೂ ಖರೇನೇ” ಎಂದರು. ಆದರೆ ಅಪ್ಪ ಬಿಡಲಿಲ್ಲ.

“ಸಾಲ್ಯಾಗ ಹೊಸಾ ಸಂಡಾಸ ಅದ ಅಂತಾರಲ್ರಿ? ಫೋಟೋ ನೋಡೇನಿ ನಾ.”

ಮೇಡಮ್ಮ ಬಾಯಿ ಕಟ್ಟಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಾತಾಡಿದವಳು ಸುಜಾತಾ. ಬಾಗಿಲ ಹಿಂದಿನಿಂದಲೇ, ತಗ್ಗಿದ ದನಿಯಲ್ಲಿ, “ಒಳಗ ಚಿಲಕ ಇಲ್ಲಪ್ಪಾ. ಬಾಗಲಾ ಹಿಡ್ಯಾಕಿ ಮದಿವಿ ಆಗಿ ಹೋದಳು” ಎಂದಳು.

ಅಪ್ಪ ನಮ್ಮಿಬ್ಬರನ್ನೂ ನೋಡಿದ. ಕೆಟ್ಟ ಮನುಷ್ಯನಲ್ಲ ಆತ, ಓದಬೇಡ ಅಂದವನೂ ಅಲ್ಲ. “ಅಷ್ಟ್ ದೊಡ್ಡ ಸಾಲಿಗೆ ಒಂದ್ ಚಿಲಕ ಸಿಗಲಿಲ್ಲೇನ್ರಿ? ಹಾಕಸ್ರಿ. ನಾ ಕಳಸ್ತೇನಿ. ಇಲ್ಲಂದ್ರ ಇಲ್ಲಿಗೇ ಸಾಕು.”

ನಾನು ನಾಚಿಕೆಯಿಂದ ಚಹಾದ ಬಟ್ಟಲು ನೋಡುತ್ತಾ ಕೂತೆ. ವಾಪಸು ಬರುವಾಗ ಬಸ್ಸಿನಲ್ಲಿ ಮೇಡಮ್ಮ ಕಿಟಕಿ ಸೀಟನ್ನು ನನಗೆ ಬಿಟ್ಟರು. ಅದು ನನಗೆ ಅಂಜಿಕೆ ತರಿಸಿತು.

ಸೋಮವಾರ ಪ್ರಾರ್ಥನೆ ನಡೆದಿದ್ದಾಗ ಅವರು ಅಲ್ಲಿರಲಿಲ್ಲ. ಖಾಕಿ ಚೀಲದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ, ಹೊರಗಿನ ಚಿಲಕವನ್ನು ಬಿಚ್ಚಿ, ಒಳಗೆ ಕೂಡಿಸಿ, ಬೀಗವನ್ನು ತಂದು ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟಿದ್ದರು. ಹೆಡ್‌ಮಾಸ್ತರರು ಸರ್ಕಾರಿ ಆಸ್ತಿ, ಅಕ್ರಮ, ಮೆಮೊ, ಎಂದು ಏನೇನೋ ಅಂದರು.

“ಎಸ್ಟಿಮೇಟ್ನ್ಯಾಗ ಒಂದೇ ಚಿಲಕ ಅಂದ್ರಲ್ಲ ಸರ್? ಒಂದೇ ಅದ. ಬಂದು ನೋಡ್ಕೊಳ್ರಿ” ಎಂದರು ಮೇಡಮ್ಮ.

ಮೆಮೊ ಬಂತು. ಅದನ್ನು ಅವರು ರೊಟ್ಟಿ ಕಟ್ಟಲು ಬಳಸಿದರು. ಸುಜಾತಾಳೂ ಬಂದಳು, ಪ್ರತಿ ದಿನ ಬಂದಳು. ನಾನು ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ನನಗೆ ಅರಿವಿಲ್ಲದೇ ತಲೆ ಎತ್ತಿ ನೋಡುತ್ತಿದ್ದೆ.

ಹೀಗೆ ಎಲ್ಲ ಸುಸೂತ್ರವಾಯಿತು ಎಂದು ಮುಗಿಸಬಹುದಿತ್ತು. ಆದರೆ ನಮ್ಮ ಜನ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಕಳೆದ ತಿಂಗಳು ಮೇಡಮ್ಮನ ಬೀಳ್ಕೊಡುಗೆ ಸಮಾರಂಭಕ್ಕೆ ಅತಿಥಿಗಳು ಬರುವವರಿದ್ದರು. ಅತಿಥಿಗಳ ಮನೆಯವರು ಉಪಯೋಗಿಸಬೇಕಾದೀತೆಂದು ಹೆಡ್‌ಮಾಸ್ತರರು ಹೆಣ್ಣುಮಕ್ಕಳ ಶೌಚಾಲಯವನ್ನು ಫಿನಾಯಿಲ್ ಹಾಕಿ ತೊಳೆಸಿ, ಹೊರಗೆ ಹೊಸ ಕೊಂಡಿ ಕೂಡಿಸಿ, ಅದೇ ಹಳೆಯ ಬೀಗ ಹಾಕಿಸಿದರು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಸಿದ ಹೆಂಗಸಿನ ಸನ್ಮಾನಕ್ಕಾಗಿ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದರು. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಅವರು ಇದನ್ನು ಮಾಡಿದ್ದು ಪ್ರೀತಿಯಿಂದ, ಗೌರವದಿಂದ. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೇ.

ಶಾಮಿಯಾನಾದ ಕೆಳಗೆ ಭಾಷಣಗಳು ಶುರುವಾದವು. ಒಬ್ಬರು ‘ಆ ವಿಷಯ’ ಅಂದರು. ಇನ್ನೊಬ್ಬರು ‘ತಾಯಂದಿರ ಸೂಕ್ಷ್ಮ ವಿಚಾರ’ ಅಂದರು. ಮೂರನೆಯವರು ಕೆಮ್ಮಿ ಮುಂದಕ್ಕೆ ಹೋದರು. ಮೇಡಮ್ಮ ಶಾಲು ಹೊದ್ದು, ಹಾರದೊಳಗೆ ಗದ್ದ ಹುದುಗಿಸಿ, ಸೀಟಿ ಇಲ್ಲದ ಕೊರಳನ್ನು ತುರಿಸಿಕೊಳ್ಳುತ್ತಾ ಕೂತಿದ್ದರು. ವೇದಿಕೆಯ ಬದಿಯಲ್ಲಿ ನಿರೂಪಣೆಗೆ ನಿಂತ ನನ್ನನ್ನು ನೋಡಿ, ಸಾಕು ಮುಗಿಸಿ ಎಂಬಂತೆ ಹುಬ್ಬು ಹಾರಿಸಿದರು.

ಹೆಡ್‌ಮಾಸ್ತರರು ಮೈಕಿನ ಮುಂದಿದ್ದಾಗ ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಸುಜಾತಾ. ಸುತ್ತಲಿನ ಹುಡುಗಿಯರು ಲಂಗ ಜಗ್ಗಿ ಕೂರಿಸಲು ನೋಡಿದರು. ಅವಳು ಕೂರಲಿಲ್ಲ. ಏನು ಎಂದು ಹೆಡ್‌ಮಾಸ್ತರರು ಕೈಯಿಂದ ಕೇಳಿದರು.

“ಸರ್, ಮುಟ್ಟ ಆಗೇದ್ರಿ. ಚಾವಿ ಕೊಡ್ರಿ.”

ಕೂಗಲಿಲ್ಲ ಅವಳು. ಊಟದ ಪಂಕ್ತಿಯಲ್ಲಿ ನೀರು ಕೇಳುವ ದನಿ. ಆದರೆ ಭಾಷಣ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಅತಿಥಿಗಳು ತಮ್ಮ ತಮ್ಮ ಕಾರ್ಯಕ್ರಮ ಪತ್ರಿಕೆ ಓದತೊಡಗಿದರು. ಹೆಡ್‌ಮಾಸ್ತರರು ಮೈಕನ್ನು ಕೈಯಿಂದ ಮುಚ್ಚಿದರು.

“ಫಂಕ್ಷನ್ ಮುಗೀಲಿ, ಕೂಡು.”

“ಅದು ಫಂಕ್ಷನ್ ಮುಗಿಯೋ ತನಕ ನಿಂದ್ರಂಗಿಲ್ರಿ ಸರ್.”

ಮೇಡಮ್ಮ ಈಗ ಏಳುತ್ತಾರೆ, ಈಗ ದಖನಿ ಹೊರಡುತ್ತದೆ ಎಂದು ನಾನು ಕಾದೆ. ಅವರು ಏಳಲಿಲ್ಲ. ಹಾರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಮುಂದಕ್ಕೆ ಬಾಗಿ, ಆ ಹುಡುಗಿಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಹೆಡ್‌ಮಾಸ್ತರರ ಕೈ ಜೇಬಿಗೆ ಹೋಯಿತು. ಅವರು ವೇದಿಕೆಯಿಂದ ಇಳಿದು, ಅಷ್ಟೂ ಸಾಲುಗಳ ನಡುವೆ ನಡೆದು ಹೋಗಿ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ ಬಂದರು. ಬೆವರು ಒರೆಸಿಕೊಂಡು ಮೈಕಿನಲ್ಲಿ, “ಹೀಗೆ ನಮ್ಮ ಮೇಡಮ್ಮನವರು ಸೌಮ್ಯ ಸ್ವಭಾವದವರು” ಎಂದು ಮುಂದುವರಿಸಿದರು.

ಮೇಡಮ್ಮ ನನ್ನ ಕಡೆ ವಾಲಿ, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದರು. “ನೋಡ್ರಿ. ಮೆಲ್ಲಗೇ ಕೇಳ್ಯಾಳ.”

ಹೊರಡುವಾಗ ಅವರು ಹಣ್ಣಿನ ಬುಟ್ಟಿಯನ್ನು ಹುಡುಗಿಯರಿಗೆ ಹಂಚಿದರು. ನನ್ನ ಛತ್ರಿಗಳನ್ನು ಕೊಡಲಿಲ್ಲ, ಆ ಮಾತೂ ಎತ್ತಲಿಲ್ಲ. ಖಾಕಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟು, “ಹೊರಗಿನ ಕೊಂಡಿ ನಾಳಿಗಿ ಬಿಚ್ಚರಿ. ಜಲ್ದಿ ಹೋಗ್ರಿ, ಹೆಡ್‌ಮಾಸ್ತರರು ಬರೂಕಿಂತ ಮೊದಲ” ಎಂದರು. ಬಿಚ್ಚುತ್ತೀರಾ ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಕಿಟಕಿ ಸೀಟು ಖಾಲಿಯಿತ್ತು, ಯಾಕೋ ಅಲ್ಲಿ ಕೂರಲು ಮನಸ್ಸಾಗಲಿಲ್ಲ. ಶಾಲೆಗೆ ಹೋದವಳೇ ಸ್ಕ್ರೂಡ್ರೈವರ್ ಹಿಡಿದು ಶೌಚಾಲಯದ ಮುಂದೆ ನಿಂತೆ. ಕೊಂಡಿಯಲ್ಲಿ ಬೀಗ ಇರಲಿಲ್ಲ. ಅದರ ಕೈ ನಿನ್ನೆಯಿಂದ ಹೆಡ್‌ಮಾಸ್ತರರ ಜೇಬಿಗೆ ವಾಪಸು ಹೋಗಿರಲಿಲ್ಲ. ಬಾಗಿಲು ದೂಡಿದೆ. ತೆರೆಯಲಿಲ್ಲ.

“ಯಾರ್ರಿ? ನಾ ಒಳಗ ಇದ್ದೇನಿ. ನಿಂದ್ರಿ” ಎಂದಳು ಸುಜಾತಾ ಒಳಗಿನಿಂದ.

ಸುತ್ತ ನೋಡಿದೆ. ಬಾಗಿಲು ಹಿಡಿಯಲು ಹೊರಗೆ ಯಾರೂ ನಿಂತಿರಲಿಲ್ಲ. ಅವಳು ಚಿಲಕ ತೆಗೆಯುವವರೆಗೆ ನಾನು ಅಲ್ಲೇ ಕಾದು ನಿಂತೆ.